ಕಾಡಿಗೆ ಡಬ್ಬಿಯಿಂದ ಇರ್ಲಾ ಮಾರ್ಕೆಟ್‌ವರೆಗೆ

ಪಾರ್ಲೆ ಎಂದರೆ ದೇಶದ ಜನಕ್ಕೆಲ್ಲ ಬಿಸ್ಕೆಟ್ ನೆನಪಾಗುತ್ತದೆ. 1929ರಲ್ಲಿ ಇಲ್ಲಿ ಶುರುವಾದ ಕಾರ್ಖಾನೆ ಮೊದಲು ಮಿಠಾಯಿ, ಆಮೇಲೆ ಬಿಸ್ಕೆಟ್ ಮಾಡಿ ನಮ್ಮ ಬಡಾವಣೆಯ ಹೆಸರನ್ನು ಮನೆಮನೆಗೂ ತಲುಪಿಸಿತು. 2016ರಲ್ಲಿ ಅದು ಮುಚ್ಚುವವರೆಗೂ ಪೂರ್ವದ ಕಡೆಗೆ ಇಳಿದರೆ ಬಿಸ್ಕೆಟ್ ಬೇಯುವ ಪರಿಮಳ ಮೂಗಿಗೆ ಬಡಿಯುತ್ತಿತ್ತು. ಆದರೆ ಮುಂಬಯಿಯ ಹೆಣ್ಣುಮಕ್ಕಳನ್ನು ಕೇಳಿ ನೋಡಿ. ದೂರದೂರದ ಉಪನಗರಗಳಿಂದ ಅವರು ಪಾರ್ಲೆಗೆ ಬರುವುದು ಬಿಸ್ಕೆಟಿಗಲ್ಲ, ಪಶ್ಚಿಮದ ಇರ್ಲಾ ಮಾರ್ಕೆಟಿಗೆ. ಲಿಪ್‌ಸ್ಟಿಕ್, ಕ್ರೀಮು, ಸೆಂಟು, ಕೂದಲ ಬಣ್ಣ, ಮದುಮಗಳ ಮೇಕಪ್ ಸಾಮಾನು, ಎಲ್ಲವೂ ಅಲ್ಲಿ ಸಿಗುತ್ತದೆ. ಪರದೇಶದ ಮಾಲು ಬೇಕೆಂದರೆ ಆಲ್ಫಾ ಅಂಗಡಿಯ ಹೆಸರನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಶನಿವಾರ ಸಂಜೆ ಆ ಗಲ್ಲಿಗಳಲ್ಲಿ ಅಮ್ಮ, ಮಗಳು, ಅಜ್ಜಿ ಮೂವರೂ ಒಟ್ಟಿಗೆ ನಿಂತು ಒಂದೇ ಶೀಶೆಯ ಬಗ್ಗೆ ಜಗಳವಾಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಜಗಳ ಶೀಶೆಯದ್ದಲ್ಲ. ಹದಿನಾಲ್ಕು, ಹದಿನಾರರ ಹುಡುಗಿಯ ಮುಖದ ಮೇಲೆ ಏನಿರಬೇಕು, ಏನಿರಬಾರದು ಎಂದು ಹೇಳುವವರು ಯಾರು? ಅದನ್ನು ಕೊಳ್ಳುವ ದುಡ್ಡು ಯಾರ ಕೈಯಲ್ಲಿದೆ? ನಮ್ಮ ಮನೆಯ ಐದು ತಲೆಮಾರುಗಳ ಹೆಂಗಸರನ್ನು ಸಾಲಾಗಿ ನಿಲ್ಲಿಸಿಕೊಂಡು ಈ ಎರಡು ಪ್ರಶ್ನೆಗಳನ್ನು ಕೇಳಿದರೆ ಮೇಕಪ್ಪಿನ ಚರಿತ್ರೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ನನ್ನ ಅಮ್ಮಮ್ಮ ಕುಂದಾಪುರದ ಕಡೆಯ ಹಳ್ಳಿಯವರು. ಅವರ ಬದುಕಿನಲ್ಲಿ ಮೇಕಪ್ ಎಂಬ ಶಬ್ದವೇ ಇರಲಿಲ್ಲ, ಆದರೆ ಮುಖಕ್ಕೆ ಹಚ್ಚುವ ವಸ್ತುಗಳಿಗೆ ಕಡಿಮೆಯೂ ಇರಲಿಲ್ಲ. ಕಾಡಿಗೆ ಮನೆಯಲ್ಲೇ ಆಗುತ್ತಿತ್ತು. ತೆಳು ಬಟ್ಟೆಗೆ ಗರುಗದ ಸೊಪ್ಪಿನ ರಸ ಹೀರಿಸಿ, ನೆರಳಲ್ಲಿ ಒಣಗಿಸಿ, ಬತ್ತಿ ಹೊಸೆದು ಹರಳೆಣ್ಣೆಯ ದೀಪ ಹಚ್ಚುವುದು. ದೀಪದ ಮೇಲೆ ಕಂಚಿನ ಬಟ್ಟಲನ್ನು ಬೋರಲಾಗಿ ಇಟ್ಟರೆ ಬೆಳಗಾಗುವುದರೊಳಗೆ ಬಟ್ಟಲ ಒಳಮೈಗೆ ಮಸಿ ಕಟ್ಟಿರುತ್ತದೆ. ಅದನ್ನು ಕೆರೆದು ತುಪ್ಪವೋ ಹರಳೆಣ್ಣೆಯೋ ಎರಡು ಹನಿ ಬಿಟ್ಟು ಕಲಸಿದರೆ ಡಬ್ಬಿ ತುಂಬ ಕಾಡಿಗೆ. ಹಣೆಗೆ ಕಪ್ಪು ಬೊಟ್ಟು ಬೇಕಾದರೆ ಸಾದು. ಸಬ್ಬಕ್ಕಿಯನ್ನು ಕಬ್ಬಿಣದ ಬಾಣಲೆಯಲ್ಲಿ ಕರಿಕಾಗುವವರೆಗೆ ಹುರಿದು, ನೀರು ಹಾಕಿ ಕುದಿಸಿ, ತೆಂಗಿನ ಗೆರಟೆಯಲ್ಲಿ ಒಣಗಿಸಿ ಇಟ್ಟುಕೊಳ್ಳುತ್ತಿದ್ದರು. ಬೇಕೆಂದಾಗ ಒಂದು ಹನಿ ನೀರು ತಾಗಿಸಿ ಬೆರಳಲ್ಲಿ ಉಜ್ಜಿದರಾಯಿತು. ಮದುವೆಯಾದವರಿಗೆ ಕುಂಕುಮ. ಅರಿಶಿನಕ್ಕೆ ಸುಣ್ಣದಂಥ ಕ್ಷಾರ ತಾಗಿದರೆ ಅದು ಕೆಂಪಾಗುತ್ತದೆ, ಕುಂಕುಮದ ಗುಟ್ಟು ಅಷ್ಟೇ. ಬೆವರಿಗೆ ಅದು ಇಳಿಯಬಾರದೆಂದು ಮೊದಲು ಹಣೆಗೆ ಜೇನುಮೇಣ ತಾಗಿಸಿ ಅದರ ಮೇಲೆ ಪುಡಿ ಒತ್ತುತ್ತಿದ್ದರು. ಈಗಿನ ಹುಡುಗಿಯರು ಪ್ರೈಮರ್ ಎಂದು ಹೇಳುವುದು ಇದನ್ನೇ ಅಲ್ಲವೇ ಎಂದು ನನಗೆ ಆಗಾಗ ಅನ್ನಿಸುತ್ತದೆ.

ಇಷ್ಟರಲ್ಲಿ ಅಂಗಡಿಯಿಂದ ಬಂದದ್ದು ಏನೂ ಇಲ್ಲ ಎನ್ನಬಹುದು. ಹೆಂಗಸರ ಬಳಿಗೆ ಬರುತ್ತಿದ್ದ ಅಂಗಡಿ ಒಂದೇ, ಹೆಗಲ ಮೇಲೆ ಮಲಾರ ಹೊತ್ತು ಬರುವ ಬಳೆಗಾರನದ್ದು. ಅವನೂ ಹುಡುಗಿಯ ಕೈಯನ್ನು ಹಿಡಿದು ಬಳೆ ಇಡುತ್ತಿದ್ದನೇ ಹೊರತು ಬಣ್ಣ ಆರಿಸುತ್ತಿದ್ದವರು ಅಮ್ಮನೋ ಅತ್ತೆಯೋ. ದುಡ್ಡಿನ ಬದಲು ಎಷ್ಟೋ ಸಲ ಅಕ್ಕಿ.

ಹಳೆಯದನ್ನೆಲ್ಲ ಚಂದವೆಂದು ಹೊಗಳುವ ಚಾಳಿ ನಮ್ಮ ಸಂಚಿಕೆಗಳಲ್ಲಿ ಸ್ವಲ್ಪ ಜಾಸ್ತಿಯೇ. ಆದ್ದರಿಂದ ಒಂದು ಮಾತು ಹೇಳಬೇಕು. ಅಮ್ಮಮ್ಮನ ಕಾಲದ ಹುಡುಗಿಗೆ ಬೊಟ್ಟು, ಕಾಡಿಗೆ, ಹೂವು ಇವೆಲ್ಲ ಇಷ್ಟದ ಪ್ರಶ್ನೆ ಆಗಿರಲಿಲ್ಲ. ಬೋಳು ಹಣೆಯಲ್ಲಿ ಹೊರಗೆ ಬಂದರೆ ಬೈಗುಳ. ದೊಡ್ಡವಳಾದ ದಿನ ಇಂಥದ್ದು ಹಚ್ಚಬೇಕು, ಮದುವೆಯ ದಿನ ಇಂಥದ್ದು, ಗಂಡ ಸತ್ತ ದಿನ ಎಲ್ಲವನ್ನೂ ಅಳಿಸಬೇಕು. ಅಮ್ಮಮ್ಮನ ತಂಗಿ ಇಪ್ಪತ್ತು ತುಂಬುವ ಮೊದಲೇ ವಿಧವೆಯಾದವರು. ಅವರ ಮುಖದಿಂದ ಕುಂಕುಮವನ್ನು ತೆಗೆದದ್ದು ಅವರ ಕೈಯಲ್ಲ. ಹೆಣ್ಣಿನ ಮುಖವನ್ನು ಹತ್ತು ಜನ ಸೇರಿ ನಿರ್ಧರಿಸುವ ಕ್ರಮ ಲಿಪ್‌ಸ್ಟಿಕ್‌ನಿಂದ ಹುಟ್ಟಿದ್ದಲ್ಲ, ಅದು ಕುಂಕುಮದ ಕಾಲದ್ದು. ಮನೆಯಲ್ಲಿ ಮಾಡಿದ್ದೆಲ್ಲ ಅಪಾಯವಿಲ್ಲದ್ದು ಎಂಬುದೂ ಪೂರ್ತಿ ನಿಜವಲ್ಲ. ಕೆಲವು ಬಗೆಯ ಸುರ್ಮಾ, ಸಿಂಧೂರಗಳಲ್ಲಿ ಸೀಸ ಇರುತ್ತದೆಂದು ವೈದ್ಯರು ಎಷ್ಟೋ ಕಾಲದಿಂದ ಎಚ್ಚರಿಸುತ್ತಿದ್ದಾರೆ.

ಅಂಗಡಿಯ ಕಥೆ ಶುರುವಾಗುವುದು ಮುಂಬಯಿಯಲ್ಲಿ. 1919ರಲ್ಲಿ ಇ. ಎಸ್. ಪಾಟನ್‌ವಾಲಾ ಎಂಬವರು ಇಲ್ಲಿ ಅಫ್ಘಾನ್ ಸ್ನೋ ಎಂಬ ಕ್ರೀಮನ್ನು ಮಾರುಕಟ್ಟೆಗೆ ತಂದರು. ನಮ್ಮ ಹಿರಿಯರು ಎಲ್ಲ ಕ್ರೀಮಿಗೂ 'ಸ್ನೋ' ಎನ್ನುತ್ತಿದ್ದುದಕ್ಕೆ ಇಂಥವೇ ಕಾರಣ. ಸ್ನೋ ಎಂದರೆ ಏನು? ಸ್ಟಿಯರಿಕ್ ಆಮ್ಲ ಎಂಬ ಕೊಬ್ಬಿನ ಆಮ್ಲದ ಒಂದು ಪಾಲನ್ನು ಕ್ಷಾರದಿಂದ ಸಾಬೂನಾಗಿಸಿ, ಉಳಿದದ್ದನ್ನು ನೀರು, ಗ್ಲಿಸರಿನ್ ಜೊತೆ ಕದಡಿದರೆ ಹಿಮದಂತೆ ಬೆಳ್ಳಗಿನ ಮುದ್ದೆಯಾಗುತ್ತದೆ. ಮುಖಕ್ಕೆ ತಿಕ್ಕಿದರೆ ಎಣ್ಣೆಯ ಹಾಗೆ ಜಿಡ್ಡು ಉಳಿಯದೆ ಮಾಯವಾಗುತ್ತದೆ, ತೆಳ್ಳಗಿನ ಒಂದು ಬಿಳಿ ಛಾಯೆ ಮಾತ್ರ ಉಳಿಯುತ್ತದೆ. ಆ ಛಾಯೆಗೇ ಜನ ದುಡ್ಡು ಕೊಟ್ಟದ್ದು.

ಆ ಕಾಲದಲ್ಲಿ ಮುಖಕ್ಕೆ ಬಣ್ಣ ಹಚ್ಚುವುದೆಂದರೆ ವೇಷ. ನಮ್ಮ ಕಡೆ ಯಕ್ಷಗಾನದ ಚೌಕಿಯಲ್ಲಿ ಗಂಡಸರು ತಾಸುಗಟ್ಟಲೆ ಕೂತು ಬಿಳಿ ಪುಡಿ, ಇಂಗಳೀಕ, ಕಾಡಿಗೆ ಕಲಸಿ ಮುಖ ಬರೆದುಕೊಳ್ಳುತ್ತಿದ್ದರು. ಸ್ತ್ರೀವೇಷ ಹಾಕುವವರೂ ಅವರೇ. ಗಂಡಸು ಬಣ್ಣ ಹಚ್ಚಿದರೆ ಅದು ಕಲೆ, ಹೆಂಗಸು ಹಚ್ಚಿದರೆ ನಡತೆಯ ಪ್ರಶ್ನೆ. ನಾಟಕ, ಸಿನಿಮಾಕ್ಕೆ ಮರ್ಯಾದಸ್ಥರ ಮನೆಯ ಹೆಂಗಸರು ಬರುವುದೇ ಅಪರೂಪವಾಗಿದ್ದ ಕಾಲ ಅದು. ಹಾಗೆ ಬಂದವರಲ್ಲಿ ಒಬ್ಬರು ಧಾರವಾಡದಲ್ಲಿ 1909ರಲ್ಲಿ ಹುಟ್ಟಿದ ಲೀಲಾ ಚಿಟ್ಣೀಸ್. ಪದವೀಧರೆ, ಮಕ್ಕಳ ತಾಯಿ. ಮುಂಬಯಿಯ ಚಿತ್ರರಂಗದಲ್ಲಿ ನಾಯಕಿಯಾಗಿ ಹೆಸರು ಮಾಡಿ, 1941ರಲ್ಲಿ ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಕಾಣಿಸಿಕೊಂಡ ಮೊದಲ ಭಾರತೀಯ ನಟಿಯಾದರು. ಹಾಲಿವುಡ್ಡಿನ ಬಿಳಿ ಮುಖಗಳಿದ್ದ ಜಾಗಕ್ಕೆ ನಮ್ಮ ಧಾರವಾಡದಲ್ಲಿ ಹುಟ್ಟಿದ ಒಂದು ಮುಖ ಬಂತು. ಪತ್ರಿಕೆಯ ಪುಟದಲ್ಲಿ ಅದನ್ನು ನೋಡಿದ ಹುಡುಗಿಯರ ಮನಸ್ಸಿನಲ್ಲಿ ಏನು ಓಡಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಸ್ವಾತಂತ್ರ್ಯದ ನಂತರ, 1952ರಲ್ಲಿ, ಟಾಟಾ ಆಯಿಲ್ ಮಿಲ್ಸ್ ಕಂಪನಿ ಫ್ರೆಂಚರ ಸಹಕಾರದಿಂದ ಲ್ಯಾಕ್ಮೆ ಸುರು ಮಾಡಿತು. ಪರದೇಶದ ಪ್ರಸಾಧನಗಳಿಗೆ ಹೋಗುವ ವಿದೇಶಿ ವಿನಿಮಯ ಉಳಿಸಲು ನೆಹರೂ ಅವರೇ ಟಾಟಾರಿಗೆ ಹೇಳಿದರು ಎಂಬ ಮಾತು ಪ್ರಚಾರದಲ್ಲಿದೆ. ಹೆಸರು ಬಂದದ್ದು 1883ರಲ್ಲಿ ಪ್ಯಾರಿಸಿನಲ್ಲಿ ಮೊದಲು ಪ್ರದರ್ಶನಗೊಂಡ ದೆಲೀಬ್ ಅವರ ಅದೇ ಹೆಸರಿನ ಗೀತನಾಟಕದಿಂದ. ಅದು ನಮ್ಮ 'ಲಕ್ಷ್ಮಿ'ಯ ಫ್ರೆಂಚ್ ರೂಪ. ಲಕ್ಷ್ಮಿ ಪ್ಯಾರಿಸಿಗೆ ಹೋಗಿ ಲಿಪ್‌ಸ್ಟಿಕ್ ಹಚ್ಚಿಕೊಂಡು ವಾಪಸು ಬಂದ ಹಾಗೆ! ಸ್ವಿಟ್ಜರ್ಲೆಂಡಿನಿಂದ ಸೊಸೆಯಾಗಿ ಬಂದ ಸಿಮೋನ್ ಟಾಟಾ 1961ರಲ್ಲಿ ಅದರ ಆಡಳಿತ ಮಂಡಳಿಗೆ ಸೇರಿ, 1982ರಲ್ಲಿ ಅಧ್ಯಕ್ಷೆಯಾದರು. ಔಷಧಗಳಿಗಾಗಿ ಇದ್ದ 1940ರ ಕಾಯ್ದೆಗೆ 1962ರಲ್ಲಿ ತಿದ್ದುಪಡಿಯಾಗಿ ಪ್ರಸಾಧನಗಳೂ ಅದರ ಕೆಳಗೆ ಬಂದವು. ಮುಖಕ್ಕೆ ಹಚ್ಚುವುದರ ಮೇಲೂ ಸರಕಾರದ ಕಣ್ಣು ಬಿದ್ದದ್ದು ಆವಾಗ.

ನನ್ನ ಅಮ್ಮ ಮದುವೆಯಾಗಿ ಪಾರ್ಲೆ ಪೂರ್ವದ ಚಾಳಿಗೆ ಬಂದದ್ದು ಐವತ್ತರ ದಶಕದ ಕೊನೆಗೆ. ಅಪ್ಪಯ್ಯನಿಗೆ ಹೋಟೆಲಿನಲ್ಲಿ ಗಲ್ಲೆಯ ಕೆಲಸ. ಒಂದೇ ಖೋಲಿ, ಗೋಡೆಗೆ ಒಂದು ಕನ್ನಡಿ, ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಕುಂಕುಮದ ಭರಣಿ, ಊರಿನಿಂದ ಬಂದ ಕಾಡಿಗೆ ಡಬ್ಬಿ ಮತ್ತು ಒಂದು ಪೌಡರ್ ಡಬ್ಬ. ಆ ಡಬ್ಬವನ್ನು ಅಮ್ಮ ಒಮ್ಮೆಯೂ ತಾನೇ ಕೊಂಡವಳಲ್ಲ. ಅಪ್ಪಯ್ಯ ಹೋಟೆಲಿಗೆ ಸಾಮಾನು ತರಲು ಕ್ರಾಫರ್ಡ್ ಮಾರ್ಕೆಟಿಗೆ ಹೋದಾಗ ಕ್ಯೂಟಿಕ್ಯುರಾವೋ ಪಾಂಡ್ಸೋ ತರುತ್ತಿದ್ದರು. ಯಾವ ಪರಿಮಳ ಬೇಕೆಂದು ಅಮ್ಮನನ್ನು ಕೇಳಿದ ನೆನಪು ನನಗಿಲ್ಲ. ನಮ್ಮ ಚಾಳಿನಲ್ಲಿ ಬಹುಮಟ್ಟಿಗೆ ಎಲ್ಲರ ಮನೆಯಲ್ಲೂ ಇದೇ ಕ್ರಮ. ಹೆಂಗಸರ ಮುಖದ ಪೌಡರನ್ನು ಆರಿಸುತ್ತಿದ್ದವರು ಗಂಡಸರು, ಅದೂ ಗೋಣಿ ಗೋಣಿ ಈರುಳ್ಳಿ ಬಟಾಟೆಯ ನಡುವೆ. ಡಬ್ಬದ ಮುಚ್ಚಳದ ತೂತುಗಳಲ್ಲಿ ಅರ್ಧವನ್ನು ಮಾತ್ರ ತೆರೆದಿಟ್ಟು ಅಮ್ಮ ಅದನ್ನು ತಿಂಗಳುಗಟ್ಟಲೆ ಎಳೆಯುತ್ತಿದ್ದಳು. ಮುಂಬಯಿಯ ಸೆಖೆಗೆ ಪೌಡರ್ ಅರ್ಧ ತಾಸಿನಲ್ಲಿ ಕುತ್ತಿಗೆಯ ಗೆರೆಗಳಲ್ಲಿ ಇಳಿದು ಕೂರುತ್ತಿತ್ತು, ಆದರೂ ಸಂಜೆ ಪಾರ್ಲೇಶ್ವರ ದೇವಸ್ಥಾನಕ್ಕೆ ಹೊರಟರೆ ಮುಖಕ್ಕೆ ಪೌಡರ್ ಇಲ್ಲದೆ ಅಮ್ಮ ಮೆಟ್ಟಿಲು ಇಳಿಯುತ್ತಿರಲಿಲ್ಲ.

ನಾನು ಹುಟ್ಟಿದ್ದು 1965ರಲ್ಲಿ. ನನ್ನ ಹದಿಹರೆಯದ ಹೊತ್ತಿಗೆ ಅಂಗಡಿಗೆ ಹೋಗುವ ಕಾಲು ನಮ್ಮದೇ ಆಗಿತ್ತು, ದುಡ್ಡು ಮಾತ್ರ ಇನ್ನೂ ಅಲ್ಲ. ಆಗ ಬಂದ ಬಾಟಲಿಯ ಕುಂಕುಮದ ಸೆಟ್ಟುಗಳು ನೆನಪಿವೆಯೇ? ಹಸುರು, ನೀಲಿ, ಮೆರೂನ್, ಹೀಗೆ ಪುಟ್ಟ ಪುಟ್ಟ ಬಾಟಲಿಗಳು, ಮುಚ್ಚಳಕ್ಕೇ ಅಂಟಿಕೊಂಡ ಪ್ಲಾಸ್ಟಿಕ್ ಕಡ್ಡಿ. ಸೀರೆಯ ಬಣ್ಣಕ್ಕೆ ಸರಿಯಾಗಿ ಹಾವಿನ ಹಾಗೆ ಬಳುಕುವ ಬೊಟ್ಟು ಬರೆಯುವುದು ಒಂದು ವಿದ್ಯೆ. ಆಮೇಲೆ ಸ್ಟಿಕ್ಕರ್ ಬೊಟ್ಟು ಬಂದು ಮೇಣ, ಸಾದು, ಬಾಟಲಿ ಎಲ್ಲವನ್ನೂ ಮನೆಯಿಂದ ಓಡಿಸಿತು. ಬಚ್ಚಲುಮನೆಯ ಗೋಡೆಗೆ ಸಾಲಾಗಿ ಅಂಟಿಕೊಂಡಿರುತ್ತಿದ್ದ ಆ ಬೊಟ್ಟುಗಳ ಅಂಟಿನಿಂದ ಕೆಲವರ ಹಣೆಯಲ್ಲಿ ಬಿಳಿ ಕಲೆ ಬೀಳುತ್ತದೆಂದು ಚರ್ಮವೈದ್ಯರು ಆಮೇಲೆ ಹೇಳಿದರು.

ಬೊಟ್ಟಿಗೆ ಅಡ್ಡಿ ಇರಲಿಲ್ಲ. ಅಡ್ಡಿ ಇದ್ದದ್ದು ಉಗುರಿನ ಬಣ್ಣಕ್ಕೆ ಮತ್ತು ತುಟಿಯ ಬಣ್ಣಕ್ಕೆ. ನಮ್ಮ ಶಾಲೆಯಲ್ಲಿ ಸೋಮವಾರ ಪ್ರಾರ್ಥನೆಗೆ ನಿಂತಾಗ ಟೀಚರು ಉಗುರು ನೋಡುತ್ತಿದ್ದರು. ಕಾಡಿಗೆ ಹಚ್ಚಿದವಳಿಗೆ ಏನೂ ಇಲ್ಲ, ಬಣ್ಣದ ಉಗುರಿನವಳಿಗೆ ಬ್ಲೇಡಿನಿಂದ ಕೆರೆಯುವ ಶಿಕ್ಷೆ. ಮನೆಯಲ್ಲಿ ಒಮ್ಮೆ ನನ್ನ ಉಗುರು ಕಂಡ ದೊಡ್ಡಮ್ಮ, "ಇದೆಂತ ಮಾರಾಯ್ತಿ, ಮೇಳಕ್ಕೆ ಹೊರಟದ್ದಾ?" ಎಂದು ಕೇಳಿದ್ದರು. ಅವರ ಅಂಗೈ ತುಂಬ ಮದರಂಗಿ ಇತ್ತು!

ಮದರಂಗಿ, ಕಾಡಿಗೆ, ಅರಿಶಿನ ಇವು ಬಣ್ಣವಲ್ಲ, ಶೀಶೆಯಲ್ಲಿ ಬಂದದ್ದು ಮಾತ್ರ ಬಣ್ಣ ಎಂಬ ಈ ಲೆಕ್ಕ ನಮ್ಮ ದೊಡ್ಡಮ್ಮನದ್ದು ಮಾತ್ರವಲ್ಲ. 1952ರಲ್ಲಿ ಮುಂಬಯಿಯ ಪರೇಲಿನಲ್ಲಿ ಶುರುವಾದ ವಿಕೋ ಕಂಪನಿಯ ಅರಿಶಿನದ ಕ್ರೀಮು ಗೊತ್ತಲ್ಲ, ತಾನು ಕಾಸ್ಮೆಟಿಕ್ ಅಲ್ಲವೇ ಅಲ್ಲ ಎಂದು ಅದರ ಜಾಹೀರಾತು ಹಾಡಿ ಹೇಳುತ್ತಿತ್ತು. ಅದು ಬರೀ ಪ್ರಾಸವಲ್ಲ. ಪ್ರಸಾಧನವಾದರೆ ಅಬಕಾರಿ ಸುಂಕ ಭಾರಿ, ಆಯುರ್ವೇದ ಔಷಧವಾದರೆ ಕಡಿಮೆ. ಈ ವ್ಯಾಜ್ಯ ವರ್ಷಗಟ್ಟಲೆ ನಡೆದು ಸುಪ್ರೀಂ ಕೋರ್ಟಿನವರೆಗೂ ಹೋಗಿ, ಕಂಪನಿಯ ಪರವಾಗಿ ತೀರ್ಮಾನವಾಯಿತು. ಲಿಪ್‌ಸ್ಟಿಕ್ ಎಂಬುದು ಸರಕಾರದ ಕಣ್ಣಿನಲ್ಲೂ ಶೋಕಿಯ ವಸ್ತು, ಅದಕ್ಕೆ ಶೋಕಿಯ ತೆರಿಗೆ. ಹಾಗಾಗಿ ಒಳ್ಳೆಯದು ದುಬಾರಿ, ಪರದೇಶದ್ದು ಆಮದಿನ ನಿರ್ಬಂಧದಿಂದ ಸಿಗುತ್ತಲೇ ಇರಲಿಲ್ಲ. ಮುಸಾಫಿರ್‌ಖಾನಾದ ಗಲ್ಲಿಗಳಲ್ಲಿ ಕಳ್ಳಮಾಲು ಸಿಗುತ್ತಿತ್ತು, ಅಸಲಿಯೋ ನಕಲಿಯೋ ದೇವರಿಗೇ ಗೊತ್ತು. ಕರಾವಳಿಯ ಮನೆಗಳಿಗೆ ಇನ್ನೊಂದು ದಾರಿಯಿತ್ತು. ಗಲ್ಫಿನಿಂದ ಬರುವ ಮಾವನ ಸೂಟ್‌ಕೇಸು. ಸಹಾರ್ ವಿಮಾನ ನಿಲ್ದಾಣ ಪಾರ್ಲೆಗೆ ಹತ್ತಿರ, ಆದ್ದರಿಂದ ಊರಿಗೆ ಬಸ್ಸು ಹತ್ತುವ ಮೊದಲು ಆ ಸೂಟ್‌ಕೇಸು ನಮ್ಮ ಖೋಲಿಯಲ್ಲೇ ಒಮ್ಮೆ ಬಿಚ್ಚಿಕೊಳ್ಳುತ್ತಿತ್ತು. ಯಾರ್ಡ್ಲಿ ಪೌಡರು, ನಿವಿಯಾದ ನೀಲಿ ಡಬ್ಬಿ, ಚಿನ್ನದ ಬಣ್ಣದ ಕವಚದ ಲಿಪ್‌ಸ್ಟಿಕ್ಕು. ಹಂಚುವಾಗ ಲಿಪ್‌ಸ್ಟಿಕ್ಕು ಯಾವಾಗಲೂ ಮದುವೆಯಾದ ಅಕ್ಕಂದಿರ ಪಾಲು.

ನಮ್ಮ ಪಾಲಿಗೆ ಇದ್ದದ್ದು ಲೋಕಲ್ ಗಾಡಿಯ ಲೇಡೀಸ್ ಡಬ್ಬಾ. ಮುಂಬಯಿಯ ಪ್ರಸಾಧನದ ಚರಿತ್ರೆಯನ್ನು ಯಾರಾದರೂ ಸರಿಯಾಗಿ ಬರೆಯುವುದಾದರೆ ಒಂದು ಇಡೀ ಅಧ್ಯಾಯ ಈ ಡಬ್ಬಾಕ್ಕೆ ಸಲ್ಲಬೇಕು. ಬುಟ್ಟಿ ಹೊತ್ತು, ತಂತಿಯ ಚೌಕಟ್ಟು ಹಿಡಿದು ಹತ್ತುವ ಮಾರಾಟದ ಹೆಂಗಸರು, ಹುಡುಗರು. ಕ್ಲಿಪ್ಪು, ಕಿವಿಯೋಲೆ, ಬೊಟ್ಟಿನ ಪ್ಯಾಕೆಟ್ಟು, ನೇಲ್‌ಪಾಲಿಶ್, ಕಾಜಲ್. ಇಲ್ಲಿ ಗಂಡಸರ ಕಣ್ಣಿಲ್ಲ, ಕೌಂಟರಿನ ಹಿಂದಿನ ಪರಿಚಯದ ಸೇಟುವಿಲ್ಲ, ಮನೆಗೆ ಸುದ್ದಿ ಮುಟ್ಟಿಸುವ ನೆರೆಮನೆಯವರೂ ಸಾಮಾನ್ಯವಾಗಿ ಇಲ್ಲ. ನಾಲ್ಕಾಣೆ ಎಂಟಾಣೆ ಉಳಿಸಿ ನಾವು ನಾವೇ ಆರಿಸಿ ಕೊಂಡ ಮೊದಲ ವಸ್ತುಗಳು ಅಲ್ಲಿಯವು. ಪಾರ್ಲೆಯಲ್ಲಿ ಬಹುತೇಕ ಫಾಸ್ಟ್ ಗಾಡಿಗಳು ನಿಲ್ಲುವುದಿಲ್ಲ, ನಮಗೆ ಸ್ಲೋ ಗಾಡಿಯೇ ಗತಿ. ಅದೊಂದು ಅನುಕೂಲವಾಯಿತು. ಚರ್ಚ್‌ಗೇಟ್ ಬರುವಷ್ಟರಲ್ಲಿ ಮುಖ ತಿದ್ದಿಕೊಳ್ಳಲು ಬೇಕಾದಷ್ಟು ಹೊತ್ತು. ನಾಲ್ವರು ಗೆಳತಿಯರಿಗೆ ಸೇರಿ ಒಂದು ಮೆರೂನ್ ಲಿಪ್‌ಸ್ಟಿಕ್, ದಾದರಿನ ಹೊತ್ತಿಗೆ ಎಲ್ಲರ ತುಟಿಯೂ ಒಂದೇ ಬಣ್ಣ. ಸಂಜೆ ವಾಪಸು ಬರುವಾಗ ಖಾರ್ ದಾಟಿದ ಕೂಡಲೇ ಕರವಸ್ತ್ರಕ್ಕೆ ಕೆಲಸ, ಸಾಂತಾಕ್ರೂಜ್ ಬಿಡುವಾಗ ನಾವು ಮತ್ತೆ ಚಾಳಿನ ಹುಡುಗಿಯರು. ಪಶ್ಚಿಮ ರೈಲ್ವೆ 1992ರ ಮೇ 5ರಂದು ಚರ್ಚ್‌ಗೇಟ್–ಬೋರಿವಿಲಿ ನಡುವೆ ಪೂರ್ತಿ ಹೆಂಗಸರಿಗೇ ಮೀಸಲಾದ ಲೇಡೀಸ್ ಸ್ಪೆಷಲ್ ಓಡಿಸಿದಾಗ, ಮಾರುವವರಿಗೂ ಕೊಳ್ಳುವವರಿಗೂ ಇಡೀ ಗಾಡಿಯೇ ಮಾರ್ಕೆಟ್ ಆಯಿತು.

ಇನ್ನೊಂದು ತಮಾಷೆ ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಲಿಪ್‌ಸ್ಟಿಕ್ ಎಂದರೆ ಮೇಣ, ಎಣ್ಣೆ, ಬಣ್ಣ. ಆ ಎಣ್ಣೆ ಹಿಂದಿನಿಂದಲೂ ಹೆಚ್ಚಾಗಿ ಹರಳೆಣ್ಣೆ. ಜಗತ್ತಿನ ಹರಳೆಣ್ಣೆಯ ದೊಡ್ಡ ಪಾಲು ಹೋಗುವುದು ಭಾರತದಿಂದ, ಅದರಲ್ಲೂ ಗುಜರಾತಿನಿಂದ. ಅಮ್ಮಮ್ಮನ ಕಾಡಿಗೆಯ ದೀಪಕ್ಕೂ ನಮ್ಮ ಕಳ್ಳ ಲಿಪ್‌ಸ್ಟಿಕ್ಕಿಗೂ ಎಣ್ಣೆ ಒಂದೇ, ಬೊಟ್ಟಿನ ಕೆಳಗಿನ ಮೇಣಕ್ಕೂ ಅದರ ಮೇಣಕ್ಕೂ ನೆಂಟಸ್ತನ.

ಇಲ್ಲಿಯವರೆಗೆ ನಗುತ್ತಾ ಬರೆಯಬಹುದು. ಬಣ್ಣದ ವಿಷಯಕ್ಕೆ ಬಂದರೆ ನಗು ನಿಲ್ಲುತ್ತದೆ. ತುಟಿಯ ಬಣ್ಣವಲ್ಲ, ಚರ್ಮದ ಬಣ್ಣ. ಫೇರ್ ಅಂಡ್ ಲವ್ಲಿ ನಮ್ಮ ದೇಶದಲ್ಲಿ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಲಿಪ್‌ಸ್ಟಿಕ್ ಬೇಡವೆಂದ ಅಮ್ಮಂದಿರೇ ಇದನ್ನು ಮಗಳ ಕೈಗೆ ತಾವಾಗಿ ಇಟ್ಟರು. ಇದು ಶೋಕಿಯಲ್ಲ, ಮದುವೆಗೆ ಮಾಡುವ ತಯಾರಿ ಎಂಬ ಲೆಕ್ಕ. ಅದಕ್ಕೂ ಮೊದಲಿನ ಸ್ನೋ, ಪೌಡರುಗಳೂ ಮಾಡುತ್ತಿದ್ದದ್ದು ಅದೇ ಕೆಲಸ. ಆಗಿನ ಪೌಡರು ಬಿಳಿ, ಇಲ್ಲವೇ ಗುಲಾಬಿ ಛಾಯೆ. ನಮ್ಮ ಮೈಬಣ್ಣದ ಪೌಡರೆಂಬುದು ನಾವು ಹೋಗುತ್ತಿದ್ದ ಅಂಗಡಿಗಳಲ್ಲಿ ಇರಲಿಲ್ಲ.

ನನ್ನ ಚಿಕ್ಕಮ್ಮನ ಮಗಳು ಕಪ್ಪು. ಎಂಬತ್ತರ ದಶಕದಲ್ಲಿ ಅವಳನ್ನು ನೋಡಲು ಬರುವವರಿದ್ದ ದಿನ ಚಿಕ್ಕಮ್ಮ ಅವಳ ಮುಖಕ್ಕೆ, ಕುತ್ತಿಗೆಗೆ, ಮೊಣಕೈಯವರೆಗೆ ಪೌಡರ್ ಒತ್ತಿದರು. ಮೇ ತಿಂಗಳು. ಕಾಫಿ ತಂದಿಡುವಷ್ಟರಲ್ಲಿ ಬೆವರು ಇಳಿದು ಅವಳ ಮುಖದ ಮೇಲೆ ಗೆರೆ ಗೆರೆ. ಬಂದವರಲ್ಲಿ ಒಬ್ಬ ಹೆಂಗಸು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕದ್ದನ್ನು ನಾನು ಕಂಡೆ, ಅವಳೂ ಕಂಡಳು. ಆಮೇಲೆ ಅವಳು ಓದಿದಳು, ಬ್ಯಾಂಕಿಗೆ ಸೇರಿದಳು, ಮದುವೆಯೂ ಆಯಿತು, ಮಕ್ಕಳು ದೊಡ್ಡವರಾದರು. ಇವತ್ತಿಗೂ ಅವಳ ಮನೆಯಲ್ಲಿ ಪೌಡರ್ ಡಬ್ಬ ಇಲ್ಲ, ಸಣ್ಣ ಮಗುವಿಗೆ ಹಾಕುವುದಕ್ಕೂ ಅವಳು ತರಲಿಲ್ಲ.

2020ರಲ್ಲಿ, ಅಮೆರಿಕದಲ್ಲಿ ಕರಿಯರ ಹೋರಾಟ ಜೋರಾದ ಬೆನ್ನಿಗೆ, ಆ ಕ್ರೀಮಿನ ಹೆಸರಿನಿಂದ 'ಫೇರ್' ಹೋಗಿ 'ಗ್ಲೋ' ಬಂತು. ಹೆಸರು ಬದಲಾದದ್ದು ಒಳ್ಳೆಯದೇ. ಆದರೆ ಹೆಸರೇ ಇಲ್ಲದ, ತಯಾರಿಸಿದವರ ವಿಳಾಸವೂ ಇಲ್ಲದ ಕ್ರೀಮುಗಳು ಇನ್ನೂ ಇವೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ವೈದ್ಯರು ಒಂದು ಬಗೆಯ ಮೂತ್ರಪಿಂಡದ ಕಾಯಿಲೆ ಮೇಲಿಂದ ಮೇಲೆ ಕಾಣಿಸಿಕೊಂಡದ್ದನ್ನು ಬೆನ್ನು ಹತ್ತಿದಾಗ ಸಿಕ್ಕಿದ್ದು ಮುಖ ಬೆಳ್ಳಗಾಗಿಸುವ ಕ್ರೀಮು, ಅದರೊಳಗಿನ ಪಾದರಸ. ರೋಗಿಗಳಲ್ಲಿ ಹದಿಹರೆಯದ ಹುಡುಗಿಯೂ ಇದ್ದಳು. ವೈದ್ಯರು ಬರೆದುಕೊಡಬೇಕಾದ ಸ್ಟೆರಾಯ್ಡ್ ಮುಲಾಮನ್ನು ಬಿಳಿಯಾಗಲೆಂದು ತಿಂಗಳುಗಟ್ಟಲೆ ಹಚ್ಚಿ ಮುಖದ ಚರ್ಮ ತೆಳ್ಳಗಾಗಿ ಕೆಂಪೇರಿಸಿಕೊಂಡವರು ನಮ್ಮ ಪರಿಚಯದಲ್ಲೇ ಇದ್ದಾರೆ. ಈ ಸಂಚಿಕೆ ಓದುವ ಅಮ್ಮಂದಿರಿಗೆ ನನ್ನ ಕೋರಿಕೆ ಇಷ್ಟು: ಮಗಳ ಲಿಪ್‌ಸ್ಟಿಕ್ಕನ್ನು ಹುಡುಕಿ ತೆಗೆಯುವ ಮೊದಲು ಬೆಳ್ಳಗಾಗುವ ಕ್ರೀಮು ಏನಾದರೂ ಇದೆಯೇ ನೋಡಿ, ಅದರ ಮೇಲೆ ಬ್ಯಾಚ್ ನಂಬರು, ತಯಾರಿಕೆಯ ಪರವಾನಗಿ, ಕೊನೆಯ ದಿನಾಂಕ ಇವೆಯೇ ಓದಿ.

ನನ್ನ ಮಗಳು ಹುಟ್ಟಿದ್ದು 1992ರಲ್ಲಿ, ದೇಶದ ಬಾಗಿಲು ತೆರೆದ ಮರುವರ್ಷ. 1994ರಲ್ಲಿ ಸುಷ್ಮಿತಾ ಸೇನ್ ವಿಶ್ವಸುಂದರಿ, ಅದೇ ವರ್ಷ ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದ ನಮ್ಮ ಐಶ್ವರ್ಯಾ ರೈ ಜಗದೇಕಸುಂದರಿ. ತುಳುನಾಡಿನ ಮುಂಬಯಿ ಮನೆಗಳಲ್ಲಿ ಆ ವಾರ ಬೇರೆ ಮಾತೇ ಇರಲಿಲ್ಲ. ಎರಡು ವರ್ಷಕ್ಕೆ, 1996ರ ನವೆಂಬರಿನಲ್ಲಿ, ಅದೇ ಸ್ಪರ್ಧೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಬಂದಾಗ ರೈತಸಂಘ, ಮಹಿಳಾ ಸಂಘಟನೆಗಳು, ಸಂಸ್ಕೃತಿಯ ಕಾವಲುಗಾರರು ಎಲ್ಲರೂ ಬೇರೆ ಬೇರ��� ಕಾರಣ ಹಿಡಿದು ಬೀದಿಗಿಳಿದರು. ಈಜುಡುಗೆಯ ಸುತ್ತನ್ನು ಸೇಷೆಲ್ಸ್ ದ್ವೀಪಕ್ಕೆ ಸಾಗಿಸಬೇಕಾಯಿತು. ಸೌಂದರ್ಯದ ಹೆಸರಲ್ಲಿ ಮಾರುಕಟ್ಟೆ ನುಗ್ಗುತ್ತಿದೆ ಎಂದವರ ಮಾತಿನಲ್ಲಿ ಹುರುಳಿತ್ತು. ಪರದೇಶದ ಬ್ರ್ಯಾಂಡುಗಳು ಒಂದೊಂದಾಗಿ ಬಂದವು, ಟಾಟಾದವರ ಲ್ಯಾಕ್ಮೆ ಹಿಂದುಸ್ತಾನ್ ಲೀವರ್ ಪಾಲಾಯಿತು, ಕಾಲೇಜು ಹುಡುಗಿಯರ ಪರ್ಸಿಗೆ ಹೊಂದುವ ಎಲ್ 18ರಂಥ ಸಣ್ಣ ಬೆಲೆಯ ಮಾಲು ಬಂತು. 2001ರ ಏಪ್ರಿಲ್ 1ರಂದು ಗ್ರಾಹಕ ವಸ್ತುಗಳ ಮೇಲಿನ ಆಮದು ಪ್ರಮಾಣದ ನಿರ್ಬಂಧಗಳು ತೊಲಗಿದವು. ಗಲ್ಫಿನ ಸೂಟ್‌ಕೇಸು ಅಲ್ಲಿಗೆ ತನ್ನ ಕಳೆ ಕಳೆದುಕೊಂಡಿತು, ಕದ್ದು ಬರುತ್ತಿದ್ದ ಮಾಲು ಇರ್ಲಾದ ಗಾಜಿನ ಕಪಾಟಿನಲ್ಲಿ ಬಿಲ್ಲಿನ ಸಮೇತ ಕೂತಿತು.

ಮಗಳು ಹತ್ತನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ ಚಾಳಿನ ಮಕ್ಕಳಿಗೆ ಲೆಕ್ಕದ ಪಾಠ ಹೇಳಿ ಸಂಪಾದಿಸಿದ ದುಡ್ಡಿನಿಂದ ಇರ್ಲಾಕ್ಕೆ ಹೋಗಿ ಐಲೈನರ್ ತಂದಳು. ನಮ್ಮ ಮನೆಯಲ್ಲಿ ಒಬ್ಬ ಹುಡುಗಿ ತನ್ನ ದುಡಿಮೆಯಿಂದ ಮುಖದ ಸಾಮಾನು ತಂದದ್ದು ಅದೇ ಮೊದಲು. ನನ್ನಮ್ಮ, ಆಗ ಎಪ್ಪತ್ತು ದಾಟಿದವಳು, ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇಷ್ಟಕ್ಕೆ ಅಷ್ಟು ದುಡ್ಡಾ? ಕಾಡಿಗೆ ಹಚ್ಚುವುದಲ್ವಾ!" ಎಂದಳು. ಬೈಗುಳ ಬರಲಿಲ್ಲ. ದುಡ್ಡು ಅವಳದ್ದಾಗಿತ್ತು. ಮಗಳು ಕೆಲಸಕ್ಕೆ ಸೇರುವ ಹೊತ್ತಿಗೆ ಮುಂಬಯಿಯಲ್ಲೇ ಫಾಲ್ಗುಣಿ ನಾಯರ್ 2012ರಲ್ಲಿ ಶುರು ಮಾಡಿದ ನೈಕಾ ಬೆಳೆದು, ಅಂಗಡಿಯೇ ಫೋನಿನೊಳಗೆ ಬಂದಿತ್ತು. ಮಲಾರದ ಬಳೆಗಾರ ಮನೆಬಾಗಿಲಿಗೆ ಬರುತ್ತಿದ್ದ, ಈಗ ಡೆಲಿವರಿ ಹುಡುಗ.

ಈಗ ನನ್ನ ಅಣ್ಣನ ಮೊಮ್ಮಗಳಿಗೆ ಹದಿನಾಲ್ಕು. ಅವಳ ಚಿಂತೆ ನಮಗಿಂತ ಬೇರೆ. ಲಿಪ್‌ಸ್ಟಿಕ್ ಅವಳಿಗೆ ದೊಡ್ಡ ವಿಷಯವೇ ಅಲ್ಲ, ಅಡಗಿಸುವ ಅಗತ್ಯವೂ ಇಲ್ಲ. ಅವಳ ಕಪಾಟಿನಲ್ಲಿರುವುದು ಸೀರಮ್ಮು, ಟೋನರು, ಇನ್ನೂ ಮುಪ್ಪೇ ಕಾಣದ ಚರ್ಮಕ್ಕೆ ಮುಪ್ಪು ತಡೆಯುವ ಮದ್ದು. ಮಕ್ಕಳ ಚರ್ಮಕ್ಕೆ ರೆಟಿನಾಲ್‌ನಂಥದ್ದು ಬೇಕಿಲ್ಲ, ಉರಿ ಬರುವುದೇ ಲಾಭ, ಸೌಮ್ಯವಾದ ಸಾಬೂನು, ಬಿಸಿಲಿಗೆ ಸನ್‌ಸ್ಕ್ರೀನು ಸಾಕು ಎಂದು ಚರ್ಮವೈದ್ಯರು ಹೇಳುತ್ತಾರೆ. ನಮಗೆ ದೊಡ್ಡಮ್ಮ ಒಬ್ಬರು ಟೀಕೆ ಮಾಡಿದರೆ ಇವರಿಗೆ ಫೋನಿನೊಳಗಿನ ಸಾವಿರ ದೊಡ್ಡಮ್ಮಂದಿರು. ಫಿಲ್ಟರ್ ಹಾಕಿದ ತನ್ನದೇ ಫೋಟೋ ನೋಡಿ, ಆಮೇಲೆ ಕನ್ನಡಿ ನೋಡಿ ಮುಖ ಸಣ್ಣ ಮಾಡುವ ಈ ಮಗುವಿನ ಮುಂದೆ ನಮ್ಮ ಕರವಸ್ತ್ರದ ಕಳ್ಳಾಟ ಎಷ್ಟೋ ಸುಖದ್ದು ಅನ್ನಿಸುತ್ತದೆ. ಅವಳ ಕ್ಲಾಸಿನ ಒಬ್ಬ ಹುಡುಗ ಕಾಜಲ್ ಹಚ್ಚುತ್ತಾನಂತೆ, ಯಾರೂ ನಗುವುದಿಲ್ಲವಂತೆ. ಯಕ್ಷಗಾನದ ಊರಿನವರಾದ ನಾವು ನಗುವ ಹಾಗೂ ಇಲ್ಲ.

ಹೋದ ದೀಪಾವಳಿಗೆ ಮೊದಲು ಅವಳನ್ನು ಇರ್ಲಾಕ್ಕೆ ಕರೆದುಕೊಂಡು ಹೋಗಿದ್ದೆ. ಕೌಂಟರಿನಲ್ಲಿ ಮುಖದ ಬಣ್ಣದ ಶೇಡುಗಳು ಸಾಲಾಗಿದ್ದವು, ಬಾದಾಮಿ, ಜೇನು, ಕಾಫಿ ಎಂಬ ಹೆಸರುಗಳಲ್ಲಿ. ನಮ್ಮ ಮನೆಯ ಬಣ್ಣ ಕಾಫಿಯ ಕಡೆಯದ್ದು. ಟೆಸ್ಟರನ್ನು ಕೆಲವರು ತುಟಿಗೇ ಒತ್ತಿಕೊಳ್ಳುತ್ತಾರೆ, ಇವಳು ಕೈಗೆ ತೆಗೆದು ದವಡೆಯ ಅಂಚಿಗೆ ಸವರಿ, ಬಾಗಿಲಿಗೆ ಹೋಗಿ ಬಿಸಿಲಲ್ಲಿ ನೋಡಿದಳು. ಇದನ್ನು ಎಲ್ಲಿ ಕಲಿತಳೋ. ಅಂಗಡಿಯ ಹುಡುಗಿ ಎಂದಿನ ಅಭ್ಯಾಸದಿಂದ, "ಒಂದು ಶೇಡು ಬಿಳಿದು ತಗೊಳ್ಳಿ, ಚೆನ್ನಾಗಿ ಕಾಣ್ತದೆ" ಎಂದು ಹಿಂದಿಯಲ್ಲಿ ಹೇಳಿದಳು.

"ಬೇಡ, ನಂದು ಇದೇ" ಎಂದು ಇವಳು ಕೈಯಲ್ಲಿದ್ದದ್ದನ್ನೇ ಮುಂದೆ ಇಟ್ಟಳು.

ಜೊತೆಗೆ ಒಂದು ಕಾಜಲ್ ಪೆನ್ಸಿಲ್, ನನಗೊಂದು ಮುಖದ ಪೌಡರ್. ಬಿಲ್ಲು ಓದುವ ಚಟ ನನ್ನದು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗಿನಿಂದ ಕುಂಕುಮ, ಬಿಂದಿ, ಸಿಂಧೂರ, ಡಬ್ಬಿಯ ಕಾಡಿಗೆ ಇವಕ್ಕೆ ತೆರಿಗೆಯೇ ಇಲ್ಲ. ಕಾಜಲ್ ಪೆನ್ಸಿಲ್ಲಿಗೆ ಮಾತ್ರ ಶೇ. 18 ಇಟ್ಟರು. ಲಿಪ್‌ಸ್ಟಿಕ್ಕಿಗೆ ಮೊದಲು ಶೇ. 28, ಅದೇ ವರ್ಷದ ನವೆಂಬರಿನಲ್ಲಿ 18ಕ್ಕೆ ಇಳಿಯಿತು. 2025ರ ಸೆಪ್ಟೆಂಬರ್ 22ರಿಂದ ಮುಖದ ಪೌಡರಿಗೆ ಬರೀ 5, ಲಿಪ್‌ಸ್ಟಿಕ್ಕು ಇನ್ನೂ 18ರಲ್ಲೇ. ಯಾವುದು ಮರ್ಯಾದೆಯದ್ದು, ಯಾವುದು ಶೋಕಿಯದ್ದು ಎಂಬ ನಮ್ಮ ದೊಡ್ಡಮ್ಮನ ಪಟ್ಟಿಯನ್ನೇ ಯಾರೋ ದಿಲ್ಲಿಗೆ ಕಳಿಸಿಕೊಟ್ಟ ಹಾಗಿದೆ. ಇದನ್ನೆಲ್ಲ ದಾರಿಯಲ್ಲಿ ಹೇಳುತ್ತಾ ಬಂದರೆ ಅವಳು, "ಹಾಗಾದರೆ ದೀಪ, ಬಟ್ಟಲು ಇಟ್ಟು ಮನೆಯಲ್ಲೇ ಮಾಡುವ ಅಜ್ಜಿ, ಹರಳೆಣ್ಣೆ ಇದೆಯಾ?" ಎಂದು ಕೇಳಿದಳು. ಹರಳೆಣ್ಣೆ ಇರಲಿಲ್ಲ. ಸ್ಟೇಷನ್ ದಾಟಿ ಪೂರ್ವಕ್ಕೆ ಬಂದು ಮಾರ್ಕೆಟಿನ ಗಾಂಧಿಯ ಅಂಗಡಿಯಲ್ಲಿ ನೂರು ಎಂಎಲ್ ತೆಗೆದುಕೊಂಡೆವು.